ಹೆಸರುಕಾಳಿನ ಬಣ್ಣದ ಅಂಗಿ

ನಮ್ಮೂರಿನಲ್ಲಿ ಸತ್ತವರು ಹನ್ನೊಂದನೇ ದಿನ ಮನೆಗೆ ಬರುತ್ತಾರೆ. ಪಡಸಾಲೆಯಲ್ಲಿ ಟಿವಿಯಂಥ ಒಂದು ಪುಟ್ಟ ಪರದೆ ಇಟ್ಟಿರುತ್ತೇವೆ, ಅದಕ್ಕೆ ಗೂಡು ಅನ್ನುತ್ತೇವೆ. ಅದರೊಳಗೆ ಬಂದು ನಿಲ್ಲುತ್ತಾರೆ. ಅಗಲಕ್ಕೆ ಹದಿನಾರು ಚೌಕ, ಎತ್ತರಕ್ಕೆ ಇಪ್ಪತ್ತನಾಲ್ಕು ಚೌಕ, ಎಲ್ಲ ಸೇರಿ ಹನ್ನೆರಡು ಬಣ್ಣ. ಬದುಕಿದ್ದಾಗ ಎಷ್ಟು ದಪ್ಪಗಿದ್ದರೂ, ಎಷ್ಟೇ ದೊಡ್ಡ ಮನುಷ್ಯನಾಗಿದ್ದರೂ ಅಷ್ಟೇ. ಮಾತಾಡುವುದಿಲ್ಲ. ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ ನಡೆಯುತ್ತಾರೆ, ಕೂರುತ್ತಾರೆ, ಒಮ್ಮೊಮ್ಮೆ ತಿರುಗಿ ನಮ್ಮತ್ತ ನೋಡುತ್ತಾರೆ. ಅಷ್ಟರಲ್ಲೇ ಸಮಾಧಾನ ಮಾಡಿಕೊಂಡು ಬಂದಿದ್ದೇವೆ.

ತೊಂದರೆ ಒಂದೇ. ನೋಡಿದರೆ ಸವೆಯುತ್ತಾರೆ. ಸುಮ್ಮನೆ ಕಣ್ಣು ಹಾಯಿಸಿದರೆ ಏನೂ ಆಗುವುದಿಲ್ಲ. ಬೇಕು ಬೇಕು ಅಂತ ನೋಡಿದರೆ, ನೋಡಿದ ಜಾಗದ ಬಣ್ಣ ತೆಳುವಾಗುತ್ತಾ ಹೋಗುತ್ತದೆ. ಹೀಗಾಗಿ ಎಲ್ಲ ಮನೆಯಲ್ಲೂ ಗೂಡಿನ ಮೇಲೆ ಬಟ್ಟೆ ಹೊದಿಸಿರುತ್ತಾರೆ. ವಾರಕ್ಕೊಮ್ಮೆ ತೆಗೆಯುವವರಿದ್ದಾರೆ, ಹಬ್ಬಕ್ಕೊಮ್ಮೆ ತೆಗೆಯುವವರಿದ್ದಾರೆ. ಯಾರಿಗೂ ಬೇಡವಾದ ಅತ್ತೆಯಂದಿರು ಮಾತ್ರ ಮೂವತ್ತು ವರ್ಷವಾದರೂ ಅಂಗಡಿಯಿಂದ ಈಗ ತಂದ ಸೀರೆಯ ಹಾಗೆ ಥಳಥಳ ಹೊಳೆಯುತ್ತಿರುತ್ತಾರೆ. ನಮ್ಮ ಓಣಿಯಲ್ಲೊಬ್ಬಳು ಜನ ಆಡಿಕೊಳ್ಳುತ್ತಾರೆಂದು ದಿನಾ ಒಂದು ತಾಸು ಅತ್ತೆಯ ಗೂಡಿನ ಮುಂದೆ ಕೂತು ಕಣ್ಣು ಕಿಸಿದು ನೋಡುತ್ತಿದ್ದಳು. ಒಂದು ಚೌಕವೂ ಮಾಸಲಿಲ್ಲ.

ಪೂರ್ತಿ ಸವೆದವರು ಹೋಗಿಬಿಡುತ್ತಾರೆ. ಮತ್ತೆ ಬರುವುದಿಲ್ಲ. ನಕಲು ಮಾಡಿ ಇಟ್ಟುಕೊಳ್ಳೋಣವೆಂದರೆ ನಕಲು ಅಲ್ಲಾಡುವುದಿಲ್ಲ. ಅದಕ್ಕೇ ಬಣ್ಣ ತಿದ್ದುವವರು ಬೇಕು. ಇಪ್ಪತ್ತೆರಡು ವರ್ಷದಿಂದ ನಾನು ಅದೇ ಕೆಲಸ ಮಾಡಿಕೊಂಡಿದ್ದೇನೆ.

ಈ ಕೆಲಸಕ್ಕೆ ಒಂದು ಕಟ್ಟುಪಾಡಿದೆ. ತಮ್ಮವರನ್ನು ತಾವು ತಿದ್ದುವಂತಿಲ್ಲ. ತಿದ್ದಬೇಕಾದರೆ ನೋಡಬೇಕು, ನೋಡಿದರೆ ಸವೆಯುತ್ತಾರೆ, ಹಾಕಿದ ಬಣ್ಣ ಹಾಕುತ್ತಿದ್ದ ಹಾಗೇ ಹೋಗುತ್ತದೆ. ಆದ್ದರಿಂದ ತಿದ್ದುವವರು ಪರಕೀಯರೇ ಆಗಬೇಕು. ಮನೆಯವರು ಗೂಡನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಅಂಗಡಿಗೆ ತರುತ್ತಾರೆ, ನನ್ನ ಎದುರಿಗಿಟ್ಟು, ಗೂಡಿಗೆ ಬೆನ್ನು ಹಾಕಿ ಕೂರುತ್ತಾರೆ. ನಾನು ಬಟ್ಟೆ ಬಿಚ್ಚಿ, ಗೂಡನ್ನು ಕಂಪ್ಯೂಟರಿಗೆ ಸಿಕ್ಕಿಸಿ, ನೋಡುತ್ತಾ ಕೇಳುತ್ತೇನೆ: ಮೂಗುತಿ ಎಡಕ್ಕೋ ಬಲಕ್ಕೋ, ಕೂದಲು ಪೂರ್ತಿ ಬೆಳ್ಳಗಿತ್ತೋ ಕಿವಿಯ ಹತ್ತಿರ ಮಾತ್ರವೋ? ಅವರು ನೆನಪು ಮಾಡಿಕೊಂಡು ಹೇಳುತ್ತಾರೆ. ಅಣ್ಣ ತಮ್ಮ ಇಬ್ಬರೂ ಬಂದರೆ ಅಪ್ಪನ ಮೀಸೆಯ ಬಗ್ಗೆ ಜಗಳ ಗ್ಯಾರಂಟಿ. ನಾನು ಮದುವೆಯಾದವಳಲ್ಲ, ಈ ಊರಿನಲ್ಲಿ ನನ್ನವರು ಅಂತ ಯಾರೂ ಇಲ್ಲ. ಕಸ್ತೂರಕ್ಕ ಎಲ್ಲರಿಗೂ ಪರಕೀಯಳು, ಈ ಕೆಲಸಕ್ಕೆ ಹೇಳಿ ಮಾಡಿಸಿದವಳು ಅಂತ ಜನ ಅನ್ನುತ್ತಾರೆ. ಅನ್ನಲಿ ಬಿಡಿ.

ತಿದ್ದಲು ಎರಡು ಸಾಫ್ಟ್‌ವೇರ್‌ಗಳಿವೆ. ಹಳೆಯದರ ಹೆಸರು ಇರುವೆ. ಅದು ಮೌಸನ್ನು ಒಪ್ಪುವುದಿಲ್ಲ. ಕೀಬೋರ್ಡಿನ ಬಾಣದ ಕೀಲಿ ಒಂದು ಸಲ ಒತ್ತಿದರೆ ಒಂದು ಚೌಕ ಮುಂದೆ ಹೋಗುತ್ತದೆ, ಟಿಕ್ ಅನ್ನುತ್ತದೆ. ಕೆಳಗಿನ ಉದ್ದ ಕೀಲಿ ಒತ್ತಿದರೆ ಬಣ್ಣ ಬದಲಾಗುತ್ತದೆ, ಅದು ಠಪ್ ಅನ್ನುತ್ತದೆ. ಒಂದೊಂದೇ ಚೌಕ ಇಡಬೇಕು, ಕತ್ತು ಬೀಳುವವರೆಗೆ. ಹೊಸದರ ಹೆಸರು ರೇಷ್ಮೆ. ಮೌಸು ಆಡಿಸಿದರೆ ಸಾಕು, ಅಕ್ಕಪಕ್ಕದ ಬಣ್ಣಗಳನ್ನು ಕಲಸಿ ನಡುವಿನ ಬಣ್ಣ ತಾನೇ ಹುಟ್ಟಿಸುತ್ತದೆ, ಮೂಲೆಗಳನ್ನು ನುಣ್ಣಗೆ ಮಾಡುತ್ತದೆ. ಬಸ್‌ಸ್ಟ್ಯಾಂಡಿನ ಎದುರಿನ ಸ್ಟುಡಿಯೋದವನು ಅದನ್ನೇ ಇಟ್ಟುಕೊಂಡಿದ್ದಾನೆ. ಹತ್ತು ನಿಮಿಷದ ಕೆಲಸ. ಆದರೆ ಒಬ್ಬರಿಗೆ ಹನ್ನೆರಡೇ ಬಣ್ಣ ತಾನೇ? ಹೊಸ ಬಣ್ಣವೊಂದು ಹುಟ್ಟಿದರೆ ಹಳೆಯದೊಂದು ಹೊರಗೆ ಹೋಗಬೇಕು. ಎಲ್ಲಕ್ಕಿಂತ ಕಡಿಮೆ ಜಾಗದಲ್ಲಿರುವ ಬಣ್ಣವೇ ಮೊದಲು ಹೋಗುವುದು. ಅಂದರೆ ಮಚ್ಚೆ, ಗಾಯದ ಗುರುತು, ಹರಳಿನ ಓಲೆ. ತಿರಕವ್ವ ಅಂತ ಒಬ್ಬರು ಗಂಡನನ್ನು ಅಲ್ಲಿಗೆ ಒಯ್ದಿದ್ದರು. ಆತನ ಮುಖದ ತುಂಬ ಸಿಡುಬಿನ ಕಲೆ ಇತ್ತು. ಮನೆಗೆ ತಂದು ಬಟ್ಟೆ ತೆಗೆದರೆ ಸುಲಿದ ಮೊಟ್ಟೆಯ ಹಾಗೆ ನುಣ್ಣಗೆ ಒಬ್ಬ ಗಂಡಸು ನಿಂತಿದ್ದಾನೆ. ಆ ತಾಯಿ ಬಟ್ಟೆಯನ್ನು ವಾಪಸ್ಸು ಹೊದಿಸಿ, ಪರಗಂಡಸಿನೆದುರು ಕೂರುವುದು ಹೇಗೆ ಅಂತ ಅಡಿಗೆಮನೆಗೆ ಹೋಗಿ ಕೂತರಂತೆ.

ನನ್ನದು ಇರುವೆಯ ದಾರಿ. ಬಣ್ಣ ಬೆರೆಸುವುದನ್ನು ನಾನು ಕಲಿತದ್ದು ಬಟ್ಟೆಯ ತುಂಡು ಜೋಡಿಸಿ ಹೊಲಿಯುವ ಕೌದಿ ನೋಡಿ. ಹನ್ನೆರಡರೊಳಗೆ ಇಲ್ಲದ ಬಣ್ಣ ಬೇಕಾದರೆ ಇರುವ ಎರಡು ಬಣ್ಣಗಳನ್ನು ಒಂದು ಬಿಟ್ಟು ಒಂದರಂತೆ ಚೌಕ ಚೌಕ ಜೋಡಿಸಬೇಕು. ಹತ್ತಿರದಿಂದ ನೋಡಿದರೆ ಎರಡೂ ಬೇರೆ ಬೇರೆ. ಹನ್ನೆರಡು ಹೆಜ್ಜೆ ಹಿಂದಕ್ಕೆ ಹೋದರೆ ಎರಡೂ ಸೇರಿ ಮೂರನೆಯದೊಂದು ಕಾಣುತ್ತದೆ. ಕಂದು ಮತ್ತು ಕೆನೆಬಣ್ಣ ಇಟ್ಟರೆ ಚಹಾ ಬಣ್ಣದ ಸೀರೆ. ತಿಳಿನೀಲಿಗೆ ನಿಂಬೆಹಳದಿ ಇಟ್ಟರೆ ಮಾಸಲು ಹಸಿರು. ನೀಲಿ ಕಡುವಾದರೆ ಹಸಿರಾಗುವುದಿಲ್ಲ, ಬೂದಿಯಾಗುತ್ತದೆ. ಇದೆಲ್ಲ ಕಣ್ಣಿಗೆ ಹೇಳುವ ಸುಳ್ಳು, ಆದರೆ ಒಳ್ಳೆಯ ಸುಳ್ಳು.

ಈಗ ನನ್ನ ಸುಳ್ಳನ್ನು ಹೇಳುತ್ತೇನೆ. ನನಗೆ ಯಾರೂ ಇಲ್ಲ ಅಂದೆನಲ್ಲ, ಒಬ್ಬನಿದ್ದ. ಅಡಿವೆಪ್ಪ ಅಂತ. ಮುನ್ಸಿಪಾಲಿಟಿಯಲ್ಲಿ ಓಣಿ ಓಣಿಗೆ ನೀರು ಬಿಡುವ ಕೆಲಸ. ಹಳದಿ ಬಣ್ಣ ಬಳಿದ ಉದ್ದನೆಯ ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಬರುತ್ತಿದ್ದ, ವಾಲ್ವಿಗೆ ಸಿಕ್ಕಿಸಿ ತಿರುವುತ್ತಿದ್ದ. ಒಮ್ಮೆ ಕೀಲಿ ಜಾರಿ ಹುಬ್ಬಿನ ಮೇಲೆ ಬಡಿದು ಗಾಯದ ಗುರುತು ಉಳಿದಿತ್ತು. ಎಲ್ಲ ಓಣಿಗೂ ಒಂದು ತಾಸು ನೀರು, ನಮ್ಮ ಓಣಿಗೆ ಒಂದು ತಾಸು ಹತ್ತು ನಿಮಿಷ. ಆ ಹತ್ತು ನಿಮಿಷ ಯಾಕೆಂದು ಓಣಿಯ ಹೆಂಗಸರು ತಲೆ ಕೆಡಿಸಿಕೊಳ್ಳಲಿಲ್ಲ, ಕೊಡ ತುಂಬಿಸಿಕೊಂಡರು. ನನಗಾಗ ಇಪ್ಪತ್ತಮೂರು. ಹೊಲಿಗೆ ಕಲಿಯುತ್ತಿದ್ದೆ. ಕುಪ್ಪಸ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ, ಆದರೂ ಅವನಿಗೊಂದು ಅಂಗಿ ಹೊಲಿದೆ, ಹೆಸರುಕಾಳಿನ ಹಸಿರು ಬಣ್ಣದ್ದು. ಕುಪ್ಪಸ ಹೊಲಿದು ಹೊಲಿದು ರೂಢಿಯಾದ ಕೈ, ಗುಂಡಿಗಳನ್ನು ಹೆಂಗಸರ ಬದಿಗೆ ಇಟ್ಟುಬಿಟ್ಟೆ. ಬಿಚ್ಚಿ ಮತ್ತೆ ಹಾಕುತ್ತೇನೆ ಅಂದರೆ ಅವನು ಕೊಡಲೇ ಇಲ್ಲ. ಇರಲಿ ಬಿಡು, ನೀನು ಹೊಲಿದದ್ದು ಅಂತ ಗುರುತಿರುತ್ತದೆ ಅಂದ.

ಅದೇ ಅಂಗಿ ಹಾಕಿಕೊಂಡು ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ನಿಂತು, ಅವ್ವ ಸೋದರಮಾವನ ಮಗಳನ್ನು ಗೊತ್ತು ಮಾಡಿದ್ದಾಳೆ, ಊಟ ಬಿಟ್ಟು ಕೂತಿದ್ದಾಳೆ ಅಂತ ಹೇಳಿದ. ಹೇಳುವಾಗ ಮೇಲಿನ ಗುಂಡಿ ಹಿಡಿದು ತಿರುವುತ್ತಲೇ ಇದ್ದ. ನನ್ನ ಕೊಡ ತುಂಬಿ ಹರಿಯುತ್ತಿತ್ತು. ನಾನು ಆಗಲಿ ಅಂದೆ. ಇನ್ನೇನು ಅನ್ನಬೇಕಿತ್ತೋ ಇವತ್ತಿಗೂ ಹೊಳೆದಿಲ್ಲ. ಅಂದಿನಿಂದ ನಮ್ಮ ಓಣಿಗೂ ಒಂದೇ ತಾಸು ನೀರು.

ಅದಾಗಿ ಹದಿನೆಂಟು ವರ್ಷಕ್ಕೆ ಅವನು ತೀರಿಕೊಂಡ. ಹನ್ನೊಂದನೇ ದಿನ ಅವನ ಮನೆಯ ಗೂಡಿಗೆ ಬಂದನಂತೆ. ನಾನು ಹೋಗುವುದು ಹೇಗೆ? ಗೂಡು ನೋಡಲು ಮನೆಯವರು, ಬೀಗರು ಬಿಜ್ಜರು ಹೋಗುತ್ತಾರೆ. ನಾನು ಏನೆಂದು ಹೋಗಲಿ? ಆ ಓಣಿಯಲ್ಲಿ ಏನೋ ಕೆಲಸವಿದ್ದವಳ ಹಾಗೆ ಹಾದು ಹೋಗುತ್ತಿದ್ದೆ. ಕಿಟಕಿಯೊಳಗೆ ಬಟ್ಟೆ ಹೊದ್ದ ಗೂಡಿನ ಮೂಲೆ ಕಾಣುತ್ತಿತ್ತು. ಒಂದೇ ಒಂದು ಆಸೆ ಇಟ್ಟುಕೊಂಡಿದ್ದೆ. ಎಂದಾದರೂ ಅವನ ಬಣ್ಣ ಮಾಸಲೇಬೇಕು, ತಿದ್ದಿಸಲೇಬೇಕು. ಸ್ಟುಡಿಯೋಕ್ಕೆ ಒಯ್ಯದೆ ನನ್ನಲ್ಲಿಗೆ ತಂದರೆ? ಹನ್ನೊಂದು ವರ್ಷ ಕಾದೆ. ನಾಚಿಕೆಗೆಟ್ಟವಳು ಅನ್ನುವುದಾದರೆ ಅನ್ನಿ.

ಕಳೆದ ಶ್ರಾವಣದಲ್ಲಿ ಅವನ ಹೆಂಡತಿ ಕಾಶೀಬಾಯಿ ಗೂಡನ್ನು ಕಂಬಳಿಯಲ್ಲಿ ಸುತ್ತಿಕೊಂಡು ನನ್ನ ಅಂಗಡಿಯ ಮೆಟ್ಟಿಲು ಹತ್ತಿದರು. ನಾನು ಎದ್ದು ನಿಂತು ಮತ್ತೆ ಕೂತೆ. ಆಕೆ ತೆಳ್ಳಗೆ, ಎತ್ತರಕ್ಕೆ, ಮಾತು ಕಡಿಮೆ. ಗೂಡನ್ನು ಮೇಜಿನ ಮೇಲಿಟ್ಟು, ಕುರ್ಚಿ ತಿರುಗಿಸಿ ಬೆನ್ನು ಹಾಕಿ ಕೂತು, ಸೆರಗು ಸರಿಮಾಡಿಕೊಂಡರು. ಮುಖ ಅಷ್ಟೇನೂ ಹೋಗಿಲ್ಲ, ಅಂಗಿ ಪೂರ್ತಿ ಹೋಗಿದೆ ಅಂದರು. ನಾನು ಕಂಬಳಿ ಬಿಚ್ಚಿದೆ.

ಅಡಿವೆಪ್ಪ ಹೆಗಲ ಮೇಲೆ ಹಳದಿ ಕೀಲಿ ಇಟ್ಟುಕೊಂಡು ನಿಂತಿದ್ದ. ಹುಬ್ಬಿನ ಮೇಲೆ ಒಂದು ಚೌಕ ಗಾಯ. ಅಂಗಿ ಒಗೆದೊಗೆದು ಬಿಳುಚಿದ ಬಟ್ಟೆಯಂತೆ ಆಗಿಹೋಗಿತ್ತು, ಗುಂಡಿಗಳು ಇದ್ದವೆಂಬ ಸುಳಿವೂ ಇರಲಿಲ್ಲ. ಯಾರೂ ನೋಡದ ಕಂಕುಳ ಹತ್ತಿರ ಮಾತ್ರ ನಾಲ್ಕು ಚೌಕ ಬಣ್ಣ ಉಳಿದಿತ್ತು. ಹೆಸರುಕಾಳಿನ ಹಸಿರು. ಸತ್ತವರು ಯಾವ ಬಟ್ಟೆಯಲ್ಲಿ ಬರುತ್ತಾರೆಂಬುದು ಅವರಿಗೇ ಬಿಟ್ಟದ್ದು, ಮನೆಯವರು ಉಡಿಸಿ ಕಳಿಸಿದ ಬಟ್ಟೆಯಲ್ಲಿ ಬಂದವರನ್ನು ನಾನು ಕಂಡೇ ಇಲ್ಲ. ಎಲ್ಲ ಬಿಟ್ಟು ಇವನು ನನ್ನ ಅಂಗಿ ಹಾಕಿಕೊಂಡು ಬಂದಿದ್ದ. ಹನ್ನೊಂದು ವರ್ಷ ನನಗದು ಗೊತ್ತೇ ಇರಲಿಲ್ಲ. ಅಷ್ಟು ಸಂತೋಷ ನನಗೆ ಜನ್ಮದಲ್ಲಿ ಆಗಿರಲಿಲ್ಲ, ಅದನ್ನು ಬಾಯಿ ಮುಚ್ಚಿಕೊಂಡು ಪಡಬೇಕಾಯಿತು.

ಆಗ ಕಾಶೀಬಾಯಿ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದರು, “ಈ ಅಂಗಿ ನಮ್ಮನೀದಲ್ರಿ, ಕಸ್ತೂರಕ್ಕಾರ. ನಾ ತಂದು ಕೊಟ್ಟಿದ್ದು ಒಂದು ತಿಳಿನೀಲಿ ಅಂಗಿ ಇತ್ತು. ಅದನ್ನ ಹಾಕ್ರಿ ಅವ್ರಿಗೆ.”

ಬಣ್ಣ ಬದಲಾಯಿಸಿ ಅನ್ನುವವರು ಹೊಸಬರಲ್ಲ. ನಾನು ಹೂಂ ಅನ್ನಬೇಕು, ಅಂದೆ. ಆಕೆ ಹೋದಮೇಲೆ ಮೊದಲು ಯೋಚನೆ ಬಂದದ್ದು ರೇಷ್ಮೆಯದು. ನನ್ನ ಕಂಪ್ಯೂಟರಿನಲ್ಲೂ ಅದಿದೆ, ಯಾರೋ ಹಾಕಿಕೊಟ್ಟಿದ್ದರು. ಒಂದು ಸಲ ಎಳೆದರೆ ಅಂಗಿ ನೀಲಿಯಾಗುತ್ತದೆ, ನಾನು ಹೆಚ್ಚು ಹೊತ್ತು ನೋಡಬೇಕಾಗಿಯೂ ಇಲ್ಲ, ಅವನು ಹೆಚ್ಚು ಸವೆಯುವುದೂ ಇಲ್ಲ. ಆದರೆ ಮೊದಲು ಹೋಗುವುದು ಹುಬ್ಬಿನ ಗಾಯ, ಒಂದೇ ಚೌಕ ತಾನೇ. ಗಾಯವಿಲ್ಲದ ಅಡಿವೆಪ್ಪ ನನಗೂ ಬೇಡ, ಆಕೆಗೂ ಬೇಡ. ಇರುವೆಯನ್ನೇ ತೆರೆದೆ. ಮೊದಲು ಮುಖ ಗಟ್ಟಿ ಮಾಡೋಣ ಅಂತ ಕೂತೆ. ಹುಬ್ಬಿಗೆ ಕಪ್ಪು ಇಟ್ಟೆ, ಕೆನ್ನೆಗೆ ಎರಡು ಚೌಕ ಕಂದು ಇಟ್ಟೆ. ಅವನು ತಿರುಗಿ ನನ್ನತ್ತ ನೋಡಿದ. ಎಲ್ಲ ಗೂಡಿನವರೂ ತಿರುಗುತ್ತಾರೆ, ಅದರಲ್ಲಿ ಏನೂ ಇಲ್ಲ. ಆದರೆ ನಾನು ನೋಡುತ್ತಾ ಕೂತುಬಿಟ್ಟೆ. ಎಷ್ಟು ಹೊತ್ತೋ ಗೊತ್ತಿಲ್ಲ. ಎಚ್ಚರವಾದಾಗ ಇಟ್ಟ ಕಪ್ಪು ಬೂದಿಯಾಗಿತ್ತು, ಕೆನ್ನೆ ಬಿಳುಚಿತ್ತು, ಬಂದಾಗ ಇದ್ದುದಕ್ಕಿಂತ ಮುಖ ತೆಳುವಾಗಿತ್ತು. ಇನ್ನೊಂದು ದಿನ ಹೀಗೆ ನೋಡಿದರೆ ಅವನು ಇರುವುದಿಲ್ಲ. ಹನ್ನೊಂದು ವರ್ಷದಲ್ಲಿ ಹೆಂಡತಿ ಉಳಿಸಿಕೊಂಡವನನ್ನು ನಾನು ಎರಡು ದಿನದಲ್ಲಿ ಮುಗಿಸಿ ಕಳಿಸುವವಳಿದ್ದೆ. ಕಂಬಳಿ ಎಳೆದು ಮುಚ್ಚಿ ಅಂಗಡಿ ಬಾಗಿಲು ಹಾಕಿದೆ.

ಮರುದಿನ ಕಾಶೀಬಾಯಿ ಬಂದು ಕೂತಮೇಲೆ ನಾನೂ ಕುರ್ಚಿ ತಿರುಗಿಸಿ ಬೆನ್ನು ಹಾಕಿ ಕೂತೆ. ಕೀಬೋರ್ಡನ್ನು ತೊಡೆಯ ಮೇಲೆ ಇಟ್ಟುಕೊಂಡೆ. ರೇಷ್ಮೆಯಲ್ಲಿ ಇದು ಆಗುವ ಮಾತಲ್ಲ, ಅದಕ್ಕೆ ಕಣ್ಣು ಬೇಕು. ಇರುವೆಗೆ ಎಣಿಕೆ ಬಂದರೆ ಸಾಕು. ಮೇಲಿನ ಎಡಮೂಲೆಯಿಂದ ಹೊರಟು, ಬಲಕ್ಕೆ ಇಷ್ಟು, ಕೆಳಕ್ಕೆ ಇಷ್ಟು ಅಂತ ಒತ್ತುತ್ತಾ ಹೋದರೆ ಯಾವ ಚೌಕದಲ್ಲಿದ್ದೇನೆಂದು ಗೊತ್ತಾಗುತ್ತದೆ. ಕುರ್ಚಿ ಕಿರ್ರೆಂದದ್ದು ಕೇಳಿ ಆಕೆ ನೀವೂ ತಿರುಗಿ ಕೂತಿರಾ ಅಂತ ಕೇಳಿದರು. ಕತ್ತು ನೋವು ಅಂದೆ.  ಇಬ್ಬರೂ ಅಕ್ಕಪಕ್ಕ, ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತೆವು. ನಮ್ಮ ಬೆನ್ನ ಹಿಂದೆ ಅವನು ಎರಡು ಹೆಜ್ಜೆ ಆಚೆ, ಎರಡು ಹೆಜ್ಜೆ ಈಚೆ ನಡೆಯುತ್ತಿದ್ದ.

ನಾನು ಕೇಳಿದೆ, ಆಕೆ ಹೇಳಿದರು. ಕಿವಿಯ ಮುಂದಿನ ಕೂದಲು ಕೊನೆಕೊನೆಗೆ ನರೆತಿತ್ತು. ನನಗೆ ಗೊತ್ತಿರಲಿಲ್ಲ. ಬಲಗೈ ಕಿರುಬೆರಳು ಬಾಗುತ್ತಿರಲಿಲ್ಲ, ಅದೂ ಗೊತ್ತಿರಲಿಲ್ಲ. ಕೀಲಿಯ ಹಳದಿ ಎಂಥದು ಅಂದರೆ ನಿಂಬೆಹಣ್ಣಿನದು ಅಂದರು. ಅದು ಗೊತ್ತಿತ್ತು, ಆದರೂ ಕೇಳಿದೆ. ನಾನು ನೆನಪಿಟ್ಟುಕೊಂಡದ್ದು ಇಪ್ಪತ್ತಾರು ವರ್ಷದ ಹುಡುಗನನ್ನು. ಅವನು ಹೇಗೆ ಮುದುಕನಾಗುತ್ತಾ ಬಂದ ಅನ್ನುವುದನ್ನು ಅವನ ಹೆಂಡತಿಯ ಬಾಯಿಂದ ಒಂದೊಂದೇ ಚೌಕವಾಗಿ ಕೇಳಿ ತುಂಬಿಕೊಂಡೆ. ಆ ಎರಡು ದಿನ ನನಗೆ ಸಂಸಾರ ಮಾಡಿದ ಹಾಗೇ ಆಯಿತು.

ಮೂರನೇ ದಿನ ಅಂಗಿಗೆ ಬಂದೆವು. ಬಣ್ಣಕ್ಕೆ ಮೊದಲು ಗುಂಡಿ. ಇರುವೆಯಲ್ಲಿ ಗಂಡಸರ ಅಂಗಿಯ ಗುಂಡಿಸಾಲಿಗೆ ಬಲಕ್ಕೆ ಎಂಟು ಒತ್ತಬೇಕು, ಹೆಂಗಸರ ಕುಪ್ಪಸಕ್ಕೆ ಏಳು. ನಮ್ಮೂರಿನ ಮಕ್ಕಳಿಗೂ ಈ ಲೆಕ್ಕ ಗೊತ್ತು. ನಾನು ಇದನ್ನು ಕೇಳಬೇಕಾಗಿಯೇ ಇರಲಿಲ್ಲ, ಅಂಗಡಿಯಿಂದ ತಂದ ನೀಲಿ ಅಂಗಿ, ಎಂಟು ಒತ್ತುವುದು ಅಷ್ಟೇ. ಒಂದೊಂದು ಗುಂಡಿಗೂ ಎಡಮೂಲೆಯಿಂದ ಹೊರಟು ಟಿಕ್ ಟಿಕ್ ಅಂತ ಒತ್ತುತ್ತಾ ಹೋದೆ. ಒಂದು ಗುಂಡಿ ಇಟ್ಟೆ, ಎರಡು ಇಟ್ಟೆ, ಮೂರನೆಯದು ಇಡುವಾಗ ಪಕ್ಕದಲ್ಲಿ ಕಾಶೀಬಾಯಿ ಬೆರಳು ಮಡಿಚಿ ಎಣಿಸುತ್ತಿದ್ದರು.

“ಏಳಕ್ಕ ನಿಲ್ಲಿಸಿದ್ರಿ,” ಅಂದರು.

ಕೈತಪ್ಪು ಅಂದೆ. ಮೂರು ಸಲಾನೂ ತಪ್ಪಿತೇ ಅಂತ ಕೇಳಿದರು. ಧ್ವನಿ ಏರಿರಲಿಲ್ಲ. 

“ಆ ಗುಂಡಿ ನಾ ನೋಡಿ ನೋಡಿನ ಅಳಿಸಿ ಹೋಗ್ಯಾವ್ರಿ,” ಅಂದರು ಆಕೆ. “ಹೆಂಗಸರ ಬದಿಗೆ ಗುಂಡಿ ಇಟ್ಟಾಕಿ ಯಾರು ಅಂತ ಹನ್ನೊಂದು ವರ್ಷ ನೋಡೇನಿ. ಈಗ ಅವು ಎಲ್ಲಿದ್ವು ಅನ್ನೂದು ನನಗ ಗೊತ್ತು, ಹೊಲಿದಾಕಿಗೆ ಗೊತ್ತು.”

 ಅಲ್ಲ ಅನ್ನಬಹುದಿತ್ತು. ಅಲ್ಲ ಅನ್ನಲು ಬಾಯಿ ಬರಲಿಲ್ಲ, ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಅಂಗಿ ನಾನು ಹೊಲಿದದ್ದು ಅಂತ ಹೇಳಿದವರು ಆಕೆಯೊಬ್ಬರೇ. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲೂ ಇಲ್ಲ, ಹೇಗೂ ಇಬ್ಬರೂ ಗೋಡೆ ನೋಡುತ್ತಿದ್ದೆವು. ಆಕೆ ನಾನಿದ್ದ ಓಣಿ ಯಾವುದು ಅಂತ ಕೇಳಿದರು. ಹೇಳಿದೆ. ಆ ಓಣಿಗೆ ನೀರು ಜಾಸ್ತಿ ಹೊತ್ತು ಬರುತ್ತಿತ್ತೇ ಅಂತ ಕೇಳಿದರು. ಹತ್ತು ನಿಮಿಷ, ಅದೂ ಮದುವೆಗೆ ಮೊದಲು, ಆಮೇಲೆ ಇಲ್ಲ ಅಂದೆ.

“ನಮ್ಮ ಓಣಿಗೆ ಯಾವಾಗ್ಲೂ ಟೈಮಿಗೆ ಸರಿಯಾಗಿ ಬಂದ್ ಮಾಡತಿದ್ರು,” ಅಂದರು. “ಒಂದ್ ನಿಮಿಷ ಆಚಿಗಿಲ್ಲ, ಈಚಿಗಿಲ್ಲ. ಊರೆಲ್ಲಾ ಅವ್ರನ್ನ ನಿಯತ್ತಿನ ಮನುಷ್ಯಾ ಅಂತಿತ್ತು. ನಾನೂ ಹಂಗ ತಿಳ್ಕೊಂಡಿದ್ದೆ.”

ಎದ್ದು ಹೋದರು. ಇಷ್ಟು ತಿಳಿದಮೇಲೂ ಗೂಡನ್ನು ಒಯ್ಯಲಿಲ್ಲ. ಅದು ಯಾಕೆಂದು ನಾನು ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ನಾನು ಕಂಬಳಿ ಹೊದಿಸಿ, ಅದರ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಕೂತಿದ್ದೆ. ಬಿಚ್ಚಿ ನೋಡಬಹುದಿತ್ತು. ಆಣೆ ಮಾಡಿ ಹೇಳುತ್ತೇನೆ, ನೋಡಲಿಲ್ಲ.

ಮರುದಿನ ಹೊತ್ತಿಗೆ ಸರಿಯಾಗಿ ಬಂದರು. ಬೆನ್ನು ಹಾಕಿ ಕೂತರು, ಸೆರಗು ಸರಿಮಾಡಿಕೊಂಡರು. “ಹನ್ನೊಂದು ವರ್ಷ ನಿಮ್ಮ ಅಂಗ್ಯಾಗ ನನ್ನ ಮನ್ಯಾಗ ತಿರುಗಾಡ್ಯಾರ, ಕಸ್ತೂರಕ್ಕಾರ. ಇನ್ನ ನನ್ನ ಅಂಗ್ಯಾಗ ಇರ್ಲಿ. ನೀಲಿ ಹಾಕ್ರಿ.”

ನ್ಯಾಯವಾದ ಮಾತು.  ಹದಿಮೂರನೇ ಬಣ್ಣಕ್ಕೆ ಜಾಗವಿಲ್ಲ, ನೀಲಿ ಬರಬೇಕಾದರೆ ಹಸಿರು ಹೋಗಬೇಕು. ಹಸಿರಿನ ಜಾಗದಲ್ಲಿ ತಿಳಿನೀಲಿ ಇಟ್ಟೆ. ಕಂಕುಳ ಹತ್ತಿರದ ಆ ನಾಲ್ಕು ಚೌಕವೂ ಅದರ ಜೊತೆಗೇ ಹೋದವು. ಒಂದು ಕೀಲಿ ಒತ್ತುವಷ್ಟರಲ್ಲಿ ಮುಗಿಯಿತು, ಠಪ್ ಅಂದಿತು ಅಷ್ಟೇ. ಗುಂಡಿಗಳನ್ನು ಎಂಟಕ್ಕೆ ಸರಿಸಿದೆ. ಆಮೇಲೆ ಅಂಗಿ ತುಂಬಲು ಶುರು ಮಾಡಿದೆ. ಒಂದು ಚೌಕ ನೀಲಿ. ಮುಂದಿನದಕ್ಕೆ ಹೋಗುವಾಗ ನನ್ನ ಹೆಬ್ಬೆರಳು ತಾನಾಗಿ ಉದ್ದ ಕೀಲಿಯ ಮೇಲೆ ಬಿತ್ತು. ಠಪ್. ಅವನ ಹೆಗಲ ಮೇಲಿನ ಕೀಲಿಗೆಂದು ಇದ್ದ ನಿಂಬೆಹಳದಿ ಬಂತು. ಒಂದು ಚೌಕ ಇಟ್ಟೆ. ಠಪ್, ಮತ್ತೆ ನೀಲಿ. ಠಪ್, ಹಳದಿ. ತಾನಾಗಿ ಅಂದದ್ದು ಸುಳ್ಳು. ನಾನೇ ಒತ್ತಿದೆ, ಗೊತ್ತಿದ್ದೂ ಒತ್ತಿದೆ.

ಕಾಶೀಬಾಯಿ ಒಂದು ಸಾಲು ಮುಗಿಯುವವರೆಗೆ ಎಣಿಸಿದರು. ಆಮೇಲೆ ಕೇಳಿದರು, ಒಂದೇ ಬಣ್ಣದ ಅಂಗಿಗೆ ಇಷ್ಟು ಸಲ ಬಣ್ಣ ಯಾಕೆ ಬದಲಾಯಿಸುತ್ತೀರಿ ಅಂತ. ಇನ್ನು ಸುಳ್ಳು ಹೇಳುವ ಶಕ್ತಿ ನನಗಿರಲಿಲ್ಲ. ಹತ್ತಿರ ಕೂತು ನೋಡಿದರೆ ನೀಲಿ ಅಂಗಿ, ನಡುನಡುವೆ ಹಳದಿ ಚುಕ್ಕಿ ಅಂದೆ. ನಾನು ತಂದ ಅಂಗಿಗೆ ಚುಕ್ಕಿ ಇರಲಿಲ್ಲ ಅಂದರು. ಹೌದು ಅಂದೆ. ದೂರದಿಂದ ನೋಡಿದರೆ ಅಂತ ಕೇಳಿದರು. ದೂರದಿಂದ ನೋಡಿದರೆ ಹಸಿರು ಕಾಣುತ್ತದೆ, ಬೇಡವೆಂದರೆ ಈಗಲೇ ತೆಗೆದುಬಿಡುತ್ತೇನೆ, ಒಂದೇ ಸಾಲು ಆಗಿರುವುದು ಅಂದೆ. ಕೀಬೋರ್ಡಿನ ಮೇಲಿನ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡೆ. ತೆಗೆಯಿರಿ ಅಂದಿದ್ದರೆ ತೆಗೆಯುತ್ತಿದ್ದೆ, ಅವನು ನನ್ನ ಅಂಗಿಯಲ್ಲಿ ಬಂದಿದ್ದ ಅನ್ನುವುದಕ್ಕೆ ಈ ಲೋಕದಲ್ಲಿ ಮತ್ತೇನೂ ಉಳಿಯುತ್ತಿರಲಿಲ್ಲ.

“ಎಷ್ಟು ದೂರದಿಂದ?” ಅಂದರು.

“ಹನ್ನೆರಡು ಹೆಜ್ಜಿ.”

ಆಕೆ ಕ್ಯಾಲೆಂಡರ್ ಕಡೆ ನೋಡುತ್ತಾ ಮನಸ್ಸಿನಲ್ಲೇ ಏನೋ ಅಳೆದರು. “ನಮ್ಮ ಕಿಡಕಿಯಿಂದ ಎದುರಿನ ಲೈಟಿನ ಕಂಬಕ್ಕ ಅಷ್ಟ ಆಗತೈತಿ,” ಅಂದರು. “ನಾ ಹತ್ತಿರ ಕುಂದ್ರಾಕಿ. ನನಗ ನೀಲಿ ಕಂಡ್ರ ಸಾಕು. ಮುಂದಿನ ಸಾಲು ಹಾಕ್ರಿ,” ಅಂದರು.

ನಿಂತ ಭಂಗಿ, ಕೂತ ಭಂಗಿ, ನಡೆಯುವ ನಾಲ್ಕು ಭಂಗಿ, ಆರಕ್ಕೂ ಅಂಗಿ ತುಂಬುವಷ್ಟರಲ್ಲಿ ಇನ್ನೆರಡು ದಿನ ಹಿಡಿಯಿತು. ಕೊನೆಯ ಚೌಕ ಇಟ್ಟಮೇಲೆ ಆಕೆ ಹಿಂದಕ್ಕೆ ಕೈ ಚಾಚಿ, ತಿರುಗದೆಯೇ ಗೂಡಿನ ಮೇಲೆ ಕಂಬಳಿ ಎಳೆದರು. ಹೇಗೆ ಬಂದಿದ್ದಾನೆಂದು ನಾವಿಬ್ಬರೂ ನೋಡಿರಲಿಲ್ಲ. ಮೆಟ್ಟಿಲು ಇಳಿಯುವಾಗ, ಸೋಮವಾರ ಬೆಳಿಗ್ಗೆ ತಮ್ಮ ಓಣಿಗೆ ನೀರು ಬರುತ್ತದೆ ಅಂತ ಹೇಳಿದರು. ಹೇಳಿದ್ದು ನನಗೋ ಮೆಟ್ಟಿಲಿಗೋ ಅನ್ನುವ ಹಾಗೆ ಹೇಳಿದರು.

ಸೋಮವಾರ ಹೋದೆ. ಕೈಯಲ್ಲಿ ಒಂದು ಖಾಲಿ ಕೊಡ ಹಿಡಿದುಕೊಂಡಿದ್ದೆ, ಆ ಓಣಿಯಲ್ಲಿ ನನಗೇನು ಕೆಲಸ ಅಂತ ಯಾರಾದರೂ ಕೇಳಿದರೆ ಇರಲಿ ಅಂತ. ನೀರು ಬಿಡುವ ಹೊಸ ಹುಡುಗ ವಾಲ್ವು ತಿರುವಿ ಹೋದ. ನಲ್ಲಿಯ ಸುತ್ತ ಹೆಂಗಸರು ಗದ್ದಲ ಮಾಡುತ್ತಿದ್ದರು. ನಾನು ಲೈಟಿನ ಕಂಬಕ್ಕೆ ಆತು ನಿಂತೆ. ಕಾಶೀಬಾಯಿ ಕಿಟಕಿಗೆ ಬಂದರು, ನನ್ನ ಕಡೆ ನೋಡಲಿಲ್ಲ, ಗೂಡನ್ನು ಬೀದಿಯ ಕಡೆಗೆ ತಿರುಗಿಸಿಟ್ಟು ಬಟ್ಟೆ ತೆಗೆದರು. ತಾವು ಪಕ್ಕದಲ್ಲೇ ಕೂತರು.

ಅಡಿವೆಪ್ಪ ಹಸಿರು ಅಂಗಿ ಹಾಕಿಕೊಂಡು ನಿಂತಿದ್ದ. ಹೆಸರುಕಾಳಿನ ಹಸಿರೇ. ಎರಡು ಹೆಜ್ಜೆ ಆಚೆ ಹೋದ, ಎರಡು ಹೆಜ್ಜೆ ಈಚೆ ಬಂದ. ಅಷ್ಟು ದೂರಕ್ಕೆ ಮುಖ ಕಾಣುತ್ತಿರಲಿಲ್ಲ. ಕಿವಿಯ ಹತ್ತಿರ ನಾನೇ ಇಟ್ಟ ನರೆಗೂದಲು ಹೇಗೆ ಕೂತಿದೆಯೋ, ಹುಬ್ಬಿನ ಗಾಯ ಸರಿಯಾಗಿ ಬಂದಿದೆಯೋ, ಒಂದು ಸಲ ನೋಡಬೇಕೆಂದು ಜೀವ ಎಳೆಯಿತು. ಒಂದು ಹೆಜ್ಜೆ ಮುಂದಿಟ್ಟೆ. ಅಂಗಿಯ ಹಸಿರು ಅಲುಗಾಡಿತು, ನಡುವೆ ನೀಲಿ ಕಾಣತೊಡಗಿತು. ಇನ್ನೊಂದು ಹೆಜ್ಜೆ ಇಟ್ಟರೆ ಅವನು ಆಕೆಯವನು. ಹಿಂದಕ್ಕೆ ಬಂದು ಕಂಬಕ್ಕೆ ಬೆನ್ನು ತಾಗಿಸಿ ನಿಂತೆ, ಮತ್ತೆ ಹಸಿರಾದ.

ತಾಸು ಮುಗಿದು ನೀರು ನಿಂತಿತು. ಹೆಂಗಸರು ಕೊಡ ಎತ್ತಿಕೊಂಡು ಒಳಗೆ ಹೋದರು, ಓಣಿ ಖಾಲಿಯಾಯಿತು. ಇನ್ನು ಬಟ್ಟೆ ಹೊದಿಸುತ್ತಾರೆ ಅಂದುಕೊಂಡೆ. ಕಾಶೀಬಾಯಿ ಬಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಬೇರೆಲ್ಲೋ ನೋಡುತ್ತಾ ಕೂತೇ ಇದ್ದರು. ಒಂದು ನಿಮಿಷವಾಯಿತು, ಎರಡಾಯಿತು. ಆಮೇಲೆ ನನಗೆ ತಿಳಿಯಿತು, ಆಕೆ ಹತ್ತು ನಿಮಿಷ ಬಿಡುತ್ತಿದ್ದಾರೆ. ಹತ್ತೂ ನಿಮಿಷ ನೋಡುವ ಆಸೆ ನನಗಿರಲಿಲ್ಲವೇ? ಇತ್ತು. ಆದರೆ ಅವನ ಎದೆಯ ಹತ್ತಿರ ಅಂಗಿ ಆಗಲೇ ಸ್ವಲ್ಪ ಮಾಸಿದಂತೆ ಕಂಡಿತು. ಮೂರನೇ ನಿಮಿಷಕ್ಕೆ ನಾನೇ ತಿರುಗಿದೆ, ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು ಮನೆಗೆ ಬಂದೆ.